ಬಣ್ಣ ಕಾಣದ ಮೇಸ್ತ್ರಿ ಮನೆ

ನಮ್ಮ ಬೀದಿಯಲ್ಲಿ ತೀರಾ ಕೊಳಕಾದ ಮನೆ ಯಾವುದು ಅಂತ ಕೇಳಿದರೆ ಎಲ್ಲರೂ ಪೇಂಟಿಂಗ್ ಮೇಸ್ತ್ರಿಯ ಮನೆಯನ್ನೇ ತೋರಿಸುತ್ತಿದ್ದರು. ಊರವರ ಗೋಡೆಗಳನ್ನೆಲ್ಲ ಫಳಫಳ ಮಾಡುವವನ ಸ್ವಂತ ಗೋಡೆಗೆ ಬೂಷ್ಟು. ನಾನು ಬಣ್ಣದ ಅಂಗಡಿ ಇಟ್ಟವನು, ಅವನ ಬಹಳ ಹಳೆಯ ಗೆಳೆಯ, ಹಾಗಾಗಿ ರೇಗಿಸುವ ಹಕ್ಕು ನನಗಿತ್ತು. ‘ಏನಯ್ಯಾ, ನಿನ್ನ ಕೂಲಿ ನಿನಗೇ ದುಬಾರಿ ಆಯ್ತಾ?’ ಅಂತ ಕೆಣಕುತ್ತಿದ್ದೆ. ಅವನು ಹಲ್ಲು ಕಿರಿದು, ಬ್ರಷ್ಷು ಉಪ್ಪುಕಾಗದ ಎತ್ತಿಕೊಂಡು ಹೋಗಿಬಿಡುತ್ತಿದ್ದ.

ಕಾರಣ ನನಗೆ ಗೊತ್ತಾದದ್ದು ಎಲ್ಲ ಮುಗಿಯುವ ಹೊತ್ತಿಗೆ. ನಿಮ್ಮನ್ನು ಯಾಕೆ ಕಾಯಿಸಲಿ, ಈಗಲೇ ಹೇಳಿಬಿಡುತ್ತೇನೆ. ಒಂದು ದೊಡ್ಡ ಕಟ್ಟಡದ ಕೆಲಸ ಹಿಡಿದು, ಹತ್ತಾರು ಕಡೆ ಸಾಲ ಮಾಡಿ ಸಾಮಾನು ತಂದು ಮುಗಿಸಿಕೊಟ್ಟ ಮೇಲೆ ಕಟ್ಟಿಸಿದವನು ದುಡ್ಡು ಕೊಡದೆ ಕೈ ಎತ್ತಿಬಿಟ್ಟ. ಮೇಸ್ತ್ರಿ ವಕೀಲರೊಬ್ಬರನ್ನು ಹಿಡಿದು, ಸಾಲ ಕೊಟ್ಟವರ ಜೊತೆ ಕೋರ್ಟಿನಲ್ಲಿ ಒಂದು ಒಪ್ಪಂದ ಮಾಡಿಕೊಂಡ. ಐದು ವರ್ಷ ಪ್ರತಿ ತಿಂಗಳು ಇಷ್ಟು ಅಂತ ಕಟ್ಟಬೇಕು, ಹೊಸ ಸಾಲ ಮಾಡಕೂಡದು. ಕಟ್ಟಿ ಮುಗಿಸಿದರೆ ಮಿಕ್ಕಿದ್ದು ಮನ್ನಾ, ಮನೆ ಅವನದೇ. ಆದರೆ ಕೊನೆಯ ವರ್ಷ ಕೋರ್ಟಿನ ಕಡೆಯವರು ಮನೆಗೆ ಬೆಲೆ ಕಟ್ಟಲು ಬರುತ್ತಾರೆ. ಬೆಲೆ ಒಂದು ಮಿತಿ ದಾಟಿದರೆ ಮನೆ ಮಾರಿ ಸಾಲ ಕೊಟ್ಟವರಿಗೆ ಹಂಚಬೇಕು.

ಇಲ್ಲೇ ಅವನ ತಲೆ ಕೆಟ್ಟದ್ದು. ಮನೆ ಮಾರುವವರು ಮೊದಲು ಓಡಿಬರುವುದು ಪೇಂಟರ್ ಹತ್ತಿರ. ‘ಎರಡು ಕೋಟ್ ಹೊಡೆದುಕೊಡಿ ಮೇಸ್ತ್ರಿ, ರೇಟು ಏರುತ್ತೆ’ ಅನ್ನುವ ಮಾತನ್ನು ಜೀವಮಾನವಿಡೀ ಕೇಳಿಸಿಕೊಂಡವನು ಅವನು. ಗೋಡೆ ಹಾಳಾದಷ್ಟೂ ಮನೆ ಉಳಿಯುತ್ತದೆ ಅಂತ ತಾನೇ ಲೆಕ್ಕ ಹಾಕಿಕೊಂಡ. ವಕೀಲರನ್ನು ಕೇಳಿದರೆ ಉಪಾಯ ಬಯಲಾಗುತ್ತದೆ ಅಂತ ಅವರನ್ನೂ ಕೇಳಲಿಲ್ಲ. ಹೆಂಡತಿಗೆ ಸಾಲದ ವಿಷಯವನ್ನೇ ಹೇಳಲಿಲ್ಲ. ಮಾನ ಹೋಗುತ್ತದಂತೆ. ಮಾನವಂತೆ, ಮಣ್ಣಂತೆ!

ಆ ಹೆಂಗಸಿಗೆ ಉಬ್ಬಸ. ಮಲಗುವ ಕೋಣೆಯ ಗೋಡೆ ತೇವ ಹಿಡಿದು, ಸುಣ್ಣ ಹಾಸಿಗೆಯ ಮೇಲೇ ಉದುರುತ್ತಿತ್ತು. ‘ರೀ, ಬಣ್ಣ ಬೇಡ, ಆ ಒಂದು ಗೋಡೆ ಕೆರೆದು ಸಿಮೆಂಟ್ ಬಳೀರಿ. ಮಲಗಿದ್ರೆ ಎದೆ ಕಟ್ಟುತ್ತೆ’ ಅಂತ ಅಂಗಲಾಚಿದಳು. ‘ನೋಡೋಣ, ನೋಡೋಣ’ ಅನ್ನುತ್ತಾ ದಿನ ತಳ್ಳಿದ. ಕೊನೆಗೆ ಅಳಿಯನೇ ಸಿಮೆಂಟು, ಕರಣೆ ತಂದು ತೋಳು ಮಡಚಿ ನಿಂತ. ಮೇಸ್ತ್ರಿ ಕರಣೆ ಕಿತ್ತುಕೊಂಡು ಬೀದಿಗೆ ಎಸೆದು, ‘ನನ್ನ ಗೋಡೆ ಮುಟ್ಟಿದ್ರೆ ಜೋಕೆ!’ ಅಂತ ಕೂಗಾಡಿದ. ಅವತ್ತು ಸಂಜೆಯೇ ಮಗಳು ಅಮ್ಮನ ಬಟ್ಟೆಬರೆ ಕಟ್ಟಿಸಿ ತನ್ನ ಮನೆಗೆ ಕರೆದುಕೊಂಡು ಹೋದಳು. ಆಮೇಲೆ ಅವರ್ಯಾರೂ ಈ ಕಡೆ ತಲೆ ಹಾಕಲಿಲ್ಲ.

ಅವನೊಬ್ಬನೇ ಉಳಿದ. ಮಲಗುವ ಕೋಣೆಯ ವಾಸನೆ ಅವನಿಗೂ ತಡೆಯಲಾಗದೆ ಅಡುಗೆಮನೆಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದ. ಒಬ್ಬನಿಗೆ ಎಷ್ಟು ಅನ್ನ ಇಡಬೇಕೆಂದು ತಿಳಿಯದೆ ದಿನವೂ ಜಾಸ್ತಿ ಮಾಡಿ, ಮಾರನೆಯ ದಿನ ಅದನ್ನೇ ತಿನ್ನುತ್ತಿದ್ದ. ಯಾರನ್ನೂ ಒಳಗೆ ಕರೆಯುತ್ತಿರಲಿಲ್ಲ, ಬಂದವರು ಗೋಡೆ ನೋಡಿ ಬುದ್ಧಿ ಹೇಳುತ್ತಾರಲ್ಲ. ರಜಾದಿನ ನನ್ನ ಅಂಗಡಿಗೆ ಬಂದು, ಬೋರಲು ಹಾಕಿದ ಡ್ರಮ್ಮಿನ ಮೇಲೆ ಕೂತು ಗಿರಾಕಿಗಳ ಮಾತು ಕೇಳಿಸಿಕೊಳ್ಳುತ್ತಿದ್ದ. ನಾನು ಷಟರ್ ಎಳೆಯಲು ಎದ್ದರೆ ‘ಇಷ್ಟು ಬೇಗನಾ?’ ಅನ್ನುತ್ತಿದ್ದ. ಇವನೊಬ್ಬ ಜಿಪುಣ, ಹೆಂಡತಿಗಿಂತ ಇವನಿಗೆ ದುಡ್ಡೇ ಹೆಚ್ಚು ಅಂತಲೇ ನಾನು ತಿಳಿದಿದ್ದೆ.

ಐದನೆಯ ವರ್ಷ ಅವನು ಕೆಲಸದ ಮೇಲೆ ಪರವೂರಿಗೆ ಹೋಗಿ ಒಂದು ವಾರ ಅಲ್ಲೇ ಉಳಿದ. ಅವನ ಕೈಕೆಳಗೆ ಪಳಗಿದ ಪೇಂಟರುಗಳು ನನ್ನ ಅಂಗಡಿಗೆ ಬಂದರು. ‘ಸಾವ್ಕಾರ್ರೆ, ಮೇಸ್ತ್ರಿ ಮನೆ ನೋಡೋಕಾಗ್ತಿಲ್ಲ. ಅವ್ರು ಬರೋದ್ರೊಳಗೆ ಹೊಡೆದು ಮುಗಿಸ್ತೀವಿ. ಮನೆ ಚೆನ್ನಾಗಾದ್ರೆ ಅಮ್ಮನೂ ವಾಪಸ್ ಬರಬಹುದು’ ಅಂದರು. ನನ್ನ ಕಣ್ಣು ತುಂಬಿ ಬಂತು. ಮೂಲೆಯಲ್ಲಿ ಬಿದ್ದಿದ್ದ ಅರೆಬರೆ ಡಬ್ಬಗಳನ್ನೆಲ್ಲ ಕೊಟ್ಟೆ. ಅವನ್ನು ಬೆರೆಸಿ ಹಳದಿಯೂ ಅಲ್ಲದ, ಕೇಸರಿಯೂ ಅಲ್ಲದ ಒಂದು ಬಣ್ಣ ಮಾಡಿಕೊಂಡರು. ಬೀಗ ಹಾಕಿದ್ದರಿಂದ ಒಳಗೆ ಹೋಗಲಾಗಲಿಲ್ಲ. ಹೊರಗೋಡೆಗಳ ಬಿರುಕು ಮುಚ್ಚಿ, ಪ್ರೈಮರ್ ಬಳಿದು, ಬಣ್ಣ ಹೊಡೆದು, ಮೇಸ್ತ್ರಿ ಬರುವ ಹೊತ್ತಿಗೆ ಬೀದಿಯಲ್ಲಿ ಸಾಲಾಗಿ ನಿಂತರು.

ಅವನ ಕೈಯಿಂದ ಚೀಲ ಜಾರಿತು. ಸಂತೋಷಕ್ಕೆ ಅಂದುಕೊಂಡೆವು. ‘ನನ್ನ ಮನೆ ಹೋಯ್ತಲ್ಲೋ’ ಅಂತ ಮೆಟ್ಟಿಲ ಮೇಲೆ ಕುಸಿದು ಕೂತು, ಐದು ವರ್ಷ ಬಾಯಿ ಬಿಡದ ವಿಷಯವನ್ನೆಲ್ಲ ಹೊರಗೆ ಹಾಕಿದ. ಬೆಲೆ ಕಟ್ಟುವವರು ನಾಳೆಯೇ ಬರುವವರಿದ್ದರು. ಅವನು ಎದ್ದು ಸ್ಕ್ರೇಪರ್ ಹಿಡಿದು ಮುಂಗೋಡೆ ಕೆರೆಯಲು ಶುರು ಮಾಡಿದ. ಸ್ವಲ್ಪ ಹೊತ್ತು ಕೆರೆದು ಕೈ ಬಿಟ್ಟ.

‘ಎಷ್ಟು ಚೆನ್ನಾಗಿ ಹೊಡೆದಿದ್ದಾರೆ ನೋಡೋ, ಕಿತ್ತು ಬರ್ತಾನೇ ಇಲ್ಲ’ ಅಂದ. ಕಲಿಸಿದವನು ಅವನೇ ತಾನೆ.

ಮಾರನೆಯ ದಿನ ಬಂದದ್ದು ಕನ್ನಡಕದ ಒಬ್ಬ ಹೆಂಗಸು. ಹೊರಗೋಡೆಯ ಕಡೆ ಕತ್ತೆತ್ತಿಯೂ ನೋಡದೆ ಅಗಲ ಉದ್ದ ಅಳೆದಳು. ಆಮೇಲೆ ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ. ಮಲಗುವ ಕೋಣೆ ನೋಡಿ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

‘ಇದನ್ನ ಯಾಕೆ ಹೀಗೆ ಬಿಟ್ಟಿದ್ದೀರಿ? ರಿಪೇರಿ ಮಾಡಿಸ್ಕೋಬಾರದಾ?’

‘ಮಾಡಿಸಿದ್ರೆ ಬೆಲೆ ಏರಲ್ವಾ ಮೇಡಮ್?’

‘ಗೋಡೆಗೆಲ್ಲ ಯಾರು ಬೆಲೆ ಕಟ್ತಾರೆ? ಜಾಗ ಎಷ್ಟಿದೆ, ರಸ್ತೆ ಎಂಥದ್ದು, ಕಟ್ಟಡ ಎಷ್ಟು ಹಳೇದು, ನೋಡೋದು ಅಷ್ಟೇ. ನಿಮ್ಮ ಬೀದೀಲಿ ಒಂದು ಕಾರೂ ತಿರುಗಲ್ಲ. ಮಿತಿ ಹತ್ತಿರಕ್ಕೂ ಬರಲ್ಲ. ಹೆದರಬೇಡಿ, ಮನೆ ನಿಮ್ಮದೇ.’

ಅವಳು ಹೋದಳು. ನಾನು ಅವನ ಬೆನ್ನು ತಟ್ಟಿದೆ. ಅವನು ಆ ಗೋಡೆಯನ್ನೇ ನೋಡುತ್ತಾ ನಿಂತಿದ್ದ. ‘ಹಾಗಾದ್ರೆ ಅವಳು ಇಲ್ಲೇ ಇರಬಹುದಿತ್ತಲ್ಲೋ’ ಅಂದ.

ಅದೇ ವಾರ ಕೋಣೆಯ ಗೋಡೆ ಕೆರೆದು, ಸಿಮೆಂಟ್ ಬಳಿದು, ಒಣಗಿಸಿ, ಮಗಳ ಮನೆಗೆ ಹೋದ. ನಾನೂ ಜೊತೆಗಿದ್ದೆ, ಅವನಿಗೆ ಒಬ್ಬನೇ ಹೋಗಲು ಧೈರ್ಯವಿರಲಿಲ್ಲ. ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು. ಅವನು ಸಾಲ, ಕೋರ್ಟು, ಬೆಲೆ ಎಲ್ಲವನ್ನೂ ತಡವರಿಸುತ್ತಾ ಹೇಳಿದ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

‘ಗೋಡೆ ಮುಟ್ಟಬೇಡಿ ಅಂತ ಕೋರ್ಟಿನವ್ರು ಹೇಳಿದ್ರಾ?’

‘ಇಲ್ಲ ಕಣೆ. ನಾನೇ ಅಂದ್ಕೊಂಡೆ.’

ಅವಳು ಸೊಪ್ಪಿನ ಮೊರ ಬದಿಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಹೊರಟುಬರುತ್ತಾಳೆ ಅಂತ ಅವನೂ ಎದ್ದ.

‘ಮನೆ ಉಳೀತಲ್ಲ, ಹೋಗಿ ಅದರಲ್ಲೇ ಇರಿ’ ಅಂದು ಅವಳು ಒಳಗೆ ಹೋದಳು.