ನಿದ್ದೆ ಬಂದಿಲ್ಲ, ಗಾಡಿ ಎತ್ತಲ್ಲ

"ನಿನ್ನೆ ರಾತ್ರಿ ನಿದ್ದೆ ಬಂದಿಲ್ಲ ಸಾ. ಇವತ್ತು ಗಾಡಿ ಎತ್ತಲ್ಲ. ಮಗೀನ ನೀವೇ ಸ್ಕೂಲಿಗೆ ಬುಟ್ಬುಡಿ."

ಬೆಳಿಗ್ಗೆ ಏಳಕ್ಕೆ ಇನ್ನೂ ಕಾಲು ಗಂಟೆ ಇತ್ತು. ನನ್ನ ಗಂಡ ಅಂಗಳದಲ್ಲಿ ವ್ಯಾನಿಗೆ ಬೆನ್ನು ಕೊಟ್ಟು ನಿಂತು, ಒಂದೊಂದೇ ನಂಬರಿಗೆ ಫೋನ್ ಮಾಡಿ ಇದೇ ಮಾತು ಹೇಳುತ್ತಿದ್ದರು. ವ್ಯಾನಿಗೆ ಬರುವ ಮಕ್ಕಳು ಹನ್ನೆರಡು. ಅಣ್ಣ ತಂಗಿ ಒಂದೇ ಮನೆಯವರು ಅಂತ ಕಳೆದರೆ ಒಂಬತ್ತು ಮನೆ. ಒಂಬತ್ತು ಫೋನ್.

ಒಳಗೆ ಉಪ್ಪಿಟ್ಟು ತಿರುವುತ್ತಿದ್ದ ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದೆ.

"ರೀ, ಪಂಕ್ಚರ್ ಆಗಿದೆ ಅನ್ನಿ. ಜ್ವರ ಅನ್ನಿ. ನಿದ್ದೆ ಬಂದಿಲ್ಲ ಅಂತ ಯಾರಾದ್ರೂ ರಜಾ ಹಾಕ್ತಾರಾ?"

"ಜ್ವರ ಬಂದಿಲ್ವಲ್ಲ ಕಣೆ," ಎಂದರು. ಮುಂದಿನ ನಂಬರ್ ಒತ್ತಿದರು.

(ನಾನು ಟೀಚರ್. ಸುಳ್ಳು ಹೇಳಬಾರದು ಅಂತ ಮಕ್ಕಳಿಗೆ ವಾರಕ್ಕೆ ಎರಡು ಸಲವಾದರೂ ಹೇಳುತ್ತೇನೆ. ಕೈಯಲ್ಲಿ ಸೌಟಿದ್ದಾಗ ಆ ಪಾಠ ನೆನಪಾಗುವುದಿಲ್ಲ.)

ನಮ್ಮದು ಹಳ್ಳಿಮೈಸೂರು. ನಾನು ಬಸ್ಸು ಹಿಡಿದು ಅರಕಲಗೂಡಿನ ಕಡೆಯ ಸರ್ಕಾರಿ ಶಾಲೆಗೆ ಹೋಗುತ್ತೇನೆ. ನನ್ನ ಗಂಡ ಕುಮಾರ ಸುತ್ತಲ ಹಳ್ಳಿಗಳ ಮಕ್ಕಳನ್ನು ತುಂಬಿಕೊಂಡು ಹೊಳೆನರಸೀಪುರದ ಒಂದು ಸ್ಕೂಲಿಗೆ ಹೋಗುತ್ತಾರೆ. ಈ ಕಡೆ ಎಲ್ಲರಿಗೂ ಅವರು ವ್ಯಾನ್ ಕುಮಾರಣ್ಣ. ಒಂಬತ್ತು ವರ್ಷದಲ್ಲಿ ಮನೆಯಲ್ಲಿ ಸಾವಾದಾಗ ಬಿಟ್ಟರೆ ಒಂದು ದಿನವೂ ಗಾಡಿ ನಿಲ್ಲಿಸಿದವರಲ್ಲ.

ಆ ಕಡೆಯಿಂದ ಬಂದ ಉತ್ತರಗಳು ನನಗೂ ಕೇಳುತ್ತಿದ್ದವು. ಒಬ್ಬರು, "ನಿಮ್ಗೆ ನಿದ್ದೆ ಬರ್ಲಿಲ್ಲ ಅಂತ ನಾನು ಆಫೀಸಿಗೆ ಲೇಟಾಗಿ ಓಗ್ಲಾ?" ಎಂದು ರೇಗಿದರು. ಇನ್ನೊಬ್ಬರು ನಕ್ಕರು. "ಯಾಕಣ್ಣ, ರಾತ್ರಿ ಜಾಸ್ತಿ ಆಗೋಯ್ತಾ?"

ಕುಡಿಯುವುದು ಹಾಗಿರಲಿ, ನನ್ನ ಗಂಡ ಎಲೆ ಅಡಿಕೆಯನ್ನೂ ಹಾಕುವುದಿಲ್ಲ. ಆದರೂ ಅವರು ಮುಂದಿನ ಮನೆಗೆ ಫೋನ್ ಮಾಡಿದರು. ಎಂಟು ಗಂಟೆಗೆ ಪೇರೆಂಟ್ಸ್ ವಾಟ್ಸಾಪ್ ಗ್ರೂಪ್ ಹೊಗೆಯಾಡತೊಡಗಿತು. ನನಗೆ ನಾಚಿಕೆಯಾಯಿತು. ಹೌದು, ನಾಚಿಕೆಯೇ. ಮೊದಲು ಬಂದದ್ದು ಅದೇ. ಅದನ್ನು ಮುಚ್ಚಿಟ್ಟು ಈ ಕತೆ ಹೇಳಲು ಆಗುವುದಿಲ್ಲ.

ಇನ್ನೊಂದು ನಾಚಿಕೆಯೂ ಇದೆ. ಹಿಂದೊಮ್ಮೆ ಪೇಪರಿನ ಇದೇ ಅಂಕಣದಲ್ಲಿ ನಾನು ನಿದ್ದೆಯ ಬಗ್ಗೆ ಬರೆದಿದ್ದೆ. ಮಲಗುವ ಮುಂಚೆ ಬಿಸಿ ಹಾಲಿಗೆ ಚಿಟಿಕೆ ಜಾಯಿಕಾಯಿ ಹಾಕಿ ಕುಡಿಯಿರಿ, ಅಂಗಾಲಿಗೆ ಎಣ್ಣೆ ಹಚ್ಚಿ, ಮೊಬೈಲ್ ದೂರ ಇಡಿ, ಉಸಿರು ಎಣಿಸಿ. ನಿಮ್ಮಲ್ಲಿ ಎಷ್ಟೋ ಜನ ಮೆಚ್ಚಿ ಫೋನ್ ಮಾಡಿದ್ದಿರಿ. ನಾನು ಉಬ್ಬಿದ್ದೆ. ಈಗ ನೋಡಿದರೆ, ಅದೇ ಅಂಕಣಕಾರ್ತಿಯ ಪಕ್ಕದ ದಿಂಬಿನಲ್ಲಿ ಒಬ್ಬ ಮನುಷ್ಯ ಎರಡು ತಿಂಗಳಿಂದ ಕಣ್ಣು ಬಿಟ್ಟುಕೊಂಡು ಮಲಗಿದ್ದ. ಅಂಕಣಕಾರ್ತಿ ಮಾತ್ರ ಗೊರಕೆ ಹೊಡೆಯುತ್ತಿದ್ದಳು.

ಪೂರ್ತಿ ಗೊತ್ತೇ ಇರಲಿಲ್ಲ ಅಂತಲ್ಲ. ಹದಿನೈದು ದಿನದ ಹಿಂದೆ, "ಯಾಕೋ ನಿದ್ದೆ ಸರಿಯಾಗಿ ಬತ್ತಾ ಇಲ್ಲ ಕಣೆ" ಅಂದಿದ್ದರು. ಸಿಕ್ಕಿದರಲ್ಲ ಅಂತ ನನ್ನ ಅಂಕಣವನ್ನೆಲ್ಲ ಅವರ ಮೇಲೆ ಪ್ರಯೋಗ ಮಾಡಿದೆ. ಹಾಲು ಕುಡಿಸಿದೆ. ಎಣ್ಣೆ ಹಚ್ಚಿದೆ. ಮಳೆ ಸದ್ದು ಕೇಳಿಸುವ ಆ್ಯಪ್ ಹಾಕಿಕೊಟ್ಟೆ. "ಮಳೆ ಸದ್ದು ಕೇಳಿದ್ರೆ ನಾಳೆ ಆ ಮಣ್ಣು ರೋಡಲ್ಲಿ ಗಾಡಿ ಸಿಕ್ಕಾಕ್ಕೊಳ್ತದೆ ಅನ್ನೋ ಗ್ಯಾನ ಬತ್ತದೆ" ಎಂದು ಹೆಡ್‌ಫೋನ್ ಕಿತ್ತು ಕೊಟ್ಟರು. ಸರಿ, ಉಸಿರು ಎಣಿಸಿ ಎಂದೆ. ಎರಡು ನಿಮಿಷ ಎಣಿಸಿ ಎದ್ದು ಕೂತರು.

"ಬೇರೆ ಏನಾರ ಯೋಳು. ಎಣ್ಸೋದು ಮಾತ್ರ ಬ್ಯಾಡ."

ಯಾಕೆ ಅಂತ ನಾನು ಕೇಳಲಿಲ್ಲ. ಎಲ್ಲ ಆ ಮಾತಿನಲ್ಲೇ ಇತ್ತು. ಕೇಳಲಿಲ್ಲ.

ಆ ಬೆಳಿಗ್ಗೆ ಮಾತ್ರ ಹೆಡ್‌ಮಿಸ್ಟ್ರೆಸ್‌ಗೆ ಫೋನ್ ಮಾಡಿ ರಜಾ ಹೇಳಿ, ಉಪ್ಪಿಟ್ಟಿನ ತಟ್ಟೆ ಅವರ ಮುಂದಿಟ್ಟು ಎದುರಿಗೆ ಕೂತೆ. "ಏನಾಗಿದೆ ಹೇಳಿ" ಎಂದೆ. ತಿನ್ನುತ್ತಾ ಹೇಳಿದರು. ಆಮೇಲೆ ತಿನ್ನುವುದು ನಿಲ್ಲಿಸಿ ಹೇಳಿದರು.

ಎರಡು ತಿಂಗಳ ಹಿಂದೆ ಒಂದು ಶನಿವಾರ. ಅರ್ಧ ದಿನದ ಸ್ಕೂಲು. ಮಕ್ಕಳನ್ನೆಲ್ಲ ಇಳಿಸಿ ಮನೆಗೆ ಬಂದು, ಗಾಡಿಗೆ ಲಾಕ್ ಹಾಕಿ, ಕೈಕಾಲು ತೊಳೆಯಲು ಹೋದರು. ಜೇಬು ಮುಟ್ಟಿದರೆ ಫೋನ್ ಇಲ್ಲ. ಗಾಡಿಯಲ್ಲೇ ಬಿಟ್ಟಿದ್ದರು. ತರಲು ವಾಪಸ್ ಹೋಗಿ ಬಾಗಿಲು ತೆಗೆದರೆ ಕೊನೆಯ ಸೀಟಿನಲ್ಲಿ, ಬ್ಯಾಗಿನ ಹಿಂದೆ, ಯುಕೆಜಿ ಓದುವ ಧನ್ಯಾ ಮುದುಡಿಕೊಂಡು ನಿದ್ದೆ ಮಾಡುತ್ತಿದ್ದಳು. ಕಿಟಕಿ ಗಾಜುಗಳನ್ನೆಲ್ಲ ಏರಿಸಿದ್ದರು. ಹೊರಗೆ ಬಿಸಿಲು.

ಐದು ನಿಮಿಷ ಆಗಿರಬಹುದು, ಅಷ್ಟೆ. ಮಗು ಕಣ್ಣುಜ್ಜಿಕೊಂಡು ಎದ್ದು, "ನಮ್ಮನೆ ಬಂತಾ ಅಂಕಲ್?" ಎಂದಿತಂತೆ. ಇವರು ನೀರು ಕುಡಿಸಿ, ಅವಳ ಮನೆಗೆ ಬಿಟ್ಟು, ಲೇಟ್ ಯಾಕೆ ಅಂತ ಕೇಳಿದ್ದಕ್ಕೆ ಟ್ರಾಫಿಕ್ ಜಾಸ್ತಿ ಇತ್ತು ಎಂದು ಹೇಳಿ ಬಂದರು.

"ಏನೂ ಆಗ್ಲಿಲ್ಲ. ಆದ್ರೆ ನಾನು ಫೋನ್ ಮರೀದೆ ಇದ್ದಿದ್ರೆ?"

ಅವತ್ತಿನಿಂದ ಮಲಗಿದ ಕೂಡಲೇ ತಲೆಯೊಳಗೆ ಮಕ್ಕಳನ್ನು ಎಣಿಸುವುದು ಶುರು. ಎಷ್ಟು ಸಲ ಎಣಿಸಿದರೂ ಹನ್ನೊಂದೇ ಬರುತ್ತದೆ. ಎದ್ದು ಟಾರ್ಚ್ ತಗೊಂಡು ಹೋಗಿ ಗಾಡಿಯ ಸೀಟುಗಳನ್ನೆಲ್ಲ ನೋಡಿ ಬರುತ್ತಾರೆ. ಮತ್ತೆ ಮಲಗುತ್ತಾರೆ. ಮತ್ತೆ ಎಣಿಸುತ್ತಾರೆ. ಹನ್ನೊಂದು.

"ನಿನ್ನೆ ಸಂಜೆ ವಾಪಸ್ ಬರೋವಾಗ ನೀರಿನ ಚಾನಲ್ ಏರಿ ಹತ್ರ ಒಂದು ಸೆಕೆಂಡ್ ಕಣ್ಣು ಮುಚ್ಕೊಂಡೋಯ್ತು. ಬಿಟ್ಟು ನೋಡ್ತೀನಿ, ಎಡಗಡೆ ಚಕ್ರ ಮಣ್ಣಿಗಿಳಿದದೆ. ಖಾಲಿ ಗಾಡಿ, ಸರಿಹೋಯ್ತು. ಮಕ್ಳಿದ್ದಿದ್ರೆ? ರಾತ್ರೀಗೂ ನಿದ್ದೆ ಬರ್ಲಿಲ್ಲ. ಅದ್ಕೇ ಇವತ್ತು ಎತ್ತಬಾರ್ದು ಅಂತ ತೀರ್ಮಾನ ಮಾಡ್ದೆ."

ನನಗೆ ಸಿಟ್ಟು ಬಂತು. ಎರಡು ತಿಂಗಳು ನನಗೇಕೆ ಹೇಳಲಿಲ್ಲ?

"ನೀನು ಪೇಪರಲ್ಲಿ ಬರೆದ್ಬುಟ್ರೆ?" ಎಂದರು.

(ಬರೆದಿದ್ದೇನೆ. ಅವರಿಗೆ ಓದಿ ಹೇಳಿ, ಹೂಂ ಅನ್ನಿಸಿಕೊಂಡೇ ಬರೆದಿದ್ದೇನೆ. ಗೊರಕೆಯ ವಿಷಯ ಸೇರಿಸಲೇಬೇಕು ಅಂತ ಅವರ ಷರತ್ತಾಗಿತ್ತು.)

ಅವತ್ತೇ ಬಸ್ಸಿನಲ್ಲಿ ಹೊಳೆನರಸೀಪುರಕ್ಕೆ ಹೋಗಿ ಡಾಕ್ಟರನ್ನು ಕಂಡೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವಸರವಿಲ್ಲದೆ ಕೇಳಿದಳು. ದಿನಕ್ಕೆ ಎಷ್ಟು ಟೀ? ಏಳೆಂಟು. ಮಧ್ಯಾಹ್ನ ಮಲಗುತ್ತೀರಾ? ಬೆಳಗಿನ ಟ್ರಿಪ್ ಮುಗಿಸಿ ಹನ್ನೊಂದರಿಂದ ಮೂರರವರೆಗೆ ಗಾಡಿಯಲ್ಲೇ. ಹಾಗಾದರೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಮಧ್ಯಾಹ್ನ ಅಲಾರಂ ಇಟ್ಟು ಅರ್ಧ ಗಂಟೆ ಸಾಕು, ಮೂರರ ಮೇಲೆ ಟೀ ಬೇಡ, ರಾತ್ರಿ ನಿದ್ದೆ ಬಾರದಿದ್ದರೆ ಹೊರಳಾಡದೆ ಎದ್ದು ಸುಮ್ಮನೆ ಕೂತಿರಿ, ಗಡಿಯಾರ ನೋಡಬೇಡಿ ಎಂದಳು. ಧನ್ಯಾಳ ವಿಷಯವನ್ನೂ ಪೂರ್ತಿ ಕೇಳಿಸಿಕೊಂಡಳು.

"ಇದನ್ನ ಆ ಮಗು ಅಪ್ಪ ಅಮ್ಮಂಗೆ ಹೇಳಿದ್ದೀರಾ?"

"ಇಲ್ಲ ಮೇಡಂ."

"ಅದಕ್ಕೆ ನನ್ನ ಹತ್ರ ಮಾತ್ರೆ ಇಲ್ಲ," ಎಂದು ಚೀಟಿ ಕೊಟ್ಟಳು.

ಬಸ್ಸಿನಲ್ಲಿ ವಾಪಸ್ ಬಂದೆವು. ಇಳಿದ ಮೇಲೆ, "ಇವತ್ತೇ ಓಗಿ ಯೋಳ್ಬುಟ್ಟು ಬರಾನ. ನೀನೂ ಬಾ" ಎಂದರು.

ಧನ್ಯಾಳ ಮನೆ ಪಕ್ಕದ ಹಳ್ಳಿಯಲ್ಲಿ. ನಡೆದೇ ಹೋದೆವು. ಜಗಲಿಯ ಮೇಲೆ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದರು. ಅಪ್ಪ ಮಂಜುನಾಥ ಆಗಷ್ಟೇ ಟ್ರ್ಯಾಕ್ಟರ್ ನಿಲ್ಲಿಸಿ ಕೈ ತೊಳೆಯುತ್ತಿದ್ದ. ಕೂರಿ ಅಂದರೂ ಇವರು ಕೂರಲಿಲ್ಲ. ನಿಂತೇ ಎಲ್ಲ ಹೇಳಿದರು. ಲಾಕ್ ಹಾಕಿದ್ದು, ಫೋನ್ ಮರೆತದ್ದು, ಗಾಜು ಏರಿಸಿದ್ದು, ಯಾವುದನ್ನೂ ಬಿಡಲಿಲ್ಲ.

ಒಳಗಿನಿಂದ ಧನ್ಯಾಳ ಅಮ್ಮ ಬಂದು ಮಗಳನ್ನು ಎತ್ತಿಕೊಂಡಳು. ಅದುವರೆಗೂ ಧನ್ಯಾ ಅಜ್ಜಿಯ ಪಕ್ಕದಲ್ಲಿ ಕಾಳು ಆರಿಸುತ್ತಾ ನಮ್ಮನ್ನು ನೋಡಿ ನಗುತ್ತಿದ್ದಳು.

ಮಂಜುನಾಥ ಒದ್ದೆ ಕೈ ಒರೆಸಿಕೊಂಡ. ಆಮೇಲೆ, "ಅವತ್ತು ಕೇಳಿದ್ರೆ ಟ್ರಾಫಿಕ್ ಅಂದ್ಯಲ್ಲಣ್ಣ" ಎಂದ.

"ಸುಳ್ ಯೋಳ್ದೆ ಕಣಪ್ಪ. ಭಯ ಆಯ್ತು."

"ಎರಡು ತಿಂಗ್ಳು ದಿನಾ ನಮ್ಮ ಮುಂದೆನೇ ಓಡಾಡ್ದೆ."

"ಊಂ."

"ನಾಳೆಯಿಂದ ನಾನೇ ಬೈಕಲ್ಲಿ ಬುಡ್ತೀನಿ. ನೀನು ಬರ್ಬ್ಯಾಡ."

"ಸರಿ," ಎಂದು ಕೈ ಮುಗಿದು ಇವರು ಮೆಟ್ಟಿಲಿಳಿದರು. "ಕಾಪಿ ಕುಡ್ಕೊಂಡು ಓಗ್ರಪ್ಪ" ಎಂದರು ಅಜ್ಜಿ, ಅಭ್ಯಾಸಬಲದಿಂದ. ಕಾಫಿ ಮಾಡಲು ಯಾರೂ ಒಳಗೆ ಹೋಗಲಿಲ್ಲ. ನಾವೂ ನಿಲ್ಲಲಿಲ್ಲ.

ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಯೋಚನೆ. ಈ ಸುದ್ದಿ ಮಿಕ್ಕ ಎಂಟು ಮನೆಗೆ ಹೋದರೆ? ಇವರು ಅದಕ್ಕೂ ಕಾಯಲಿಲ್ಲ. ಮನೆಗೆ ಬಂದು ಗ್ರೂಪಿನಲ್ಲಿ ತಾವೇ ವಾಯ್ಸ್ ಮೆಸೇಜ್ ಹಾಕಿದರು. ಹೀಗೀಗಾಯ್ತು, ನನ್ನದೇ ತಪ್ಪು, ಮಕ್ಕಳನ್ನು ಕಳಿಸುವುದು ಬಿಡುವುದು ನಿಮಗೆ ಬಿಟ್ಟದ್ದು ಅಂತ.

ಗ್ರೂಪಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಬೆಳಿಗ್ಗೆಯ ಸಿಟ್ಟಿಗಿಂತ ಈ ಮೌನ ನನಗೆ ಹೆಚ್ಚು ಹೆದರಿಕೆ ತಂದಿತು.

ಅವತ್ತು ರಾತ್ರಿ ಮುದ್ದೆ ಉಂಡು, ಹಾಲಿಲ್ಲ, ಎಣ್ಣೆಯಿಲ್ಲ, ಆ್ಯಪ್ ಇಲ್ಲ, ಸುಮ್ಮನೆ ಹೋಗಿ ಮಲಗಿದರು. ನಾನು ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ ಒಳಗೆ ಬರುವಷ್ಟರಲ್ಲಿ ನಿದ್ದೆ ಬಂದಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಒಂದು ಕೈ ಮಂಚದಿಂದ ಕೆಳಗೆ ಜೋತುಬಿದ್ದಿತ್ತು. ನಾನು ಬಾಗಿಲ ಹತ್ತಿರವೇ ನಿಂತು ನೋಡಿದೆ. ಬೆಳಿಗ್ಗೆ ನಾಚಿಕೆಪಟ್ಟವಳಿಗೆ ಈಗ ಎದೆ ತುಂಬಿ ಬಂದಿತ್ತು. ಈ ಮನುಷ್ಯ ನನ್ನ ಗಂಡ ಅಂತ ಯಾರನ್ನಾದರೂ ಎಬ್ಬಿಸಿ ಹೇಳಬೇಕು ಅನ್ನಿಸಿತು.

ಯಾಕೆ ಹೆಮ್ಮೆ ಅಂತ ಕೇಳಬಹುದು. ತಪ್ಪು ಮಾಡಿದ್ದಕ್ಕಾ? ಅಲ್ಲ. ನಮ್ಮ ಸುತ್ತ ನೋಡಿ. ನಿದ್ದೆಗೆಡುವುದೇ ಈಗ ದೊಡ್ಡಸ್ತಿಕೆ. "ನಾನು ಮಲಗೋದೇ ನಾಲ್ಕು ಗಂಟೆ ಸಾರ್" ಅಂತ ಮೆಡಲ್ ತೋರಿಸಿದ ಹಾಗೆ ಹೇಳುವವರನ್ನು ಹಾಸನದ ಮೀಟಿಂಗುಗಳಲ್ಲಿ ಎಷ್ಟು ಜನರನ್ನು ಕಂಡಿಲ್ಲ? ಅವರಲ್ಲಿ ಎಷ್ಟೋ ಜನ ಅದೇ ಕೆಂಪು ಕಣ್ಣಲ್ಲಿ ಸ್ಟಿಯರಿಂಗ್ ಹಿಡಿದು ಮನೆಗೆ ಹೋಗುತ್ತಾರೆ. ಪಿಯುಸಿ ಫೇಲಾದ ನನ್ನ ಗಂಡ ಮಾತ್ರ ಅಂಗಳದಲ್ಲಿ ನಿಂತು, ಒಂಬತ್ತು ಮನೆಯವರ ಬೈಗುಳ ಕೇಳಿಸಿಕೊಂಡು, ನನಗೆ ನಿದ್ದೆಯಾಗಿಲ್ಲ, ನಿಮ್ಮ ಮಕ್ಕಳನ್ನು ಕೂರಿಸಿಕೊಳ್ಳುವುದಿಲ್ಲ ಅಂದರು. ಹೆಮ್ಮೆ ಪಡದೆ ಏನು ಮಾಡಲಿ?

ಮುಂದೇನಾಯಿತು ಅಂತಲೂ ಹೇಳಬೇಕು. "ರಾತ್ರಿ ಜಾಸ್ತಿ ಆಗೋಯ್ತಾ" ಅಂದವರು ತಮ್ಮ ಇಬ್ಬರು ಮಕ್ಕಳನ್ನು ಬೇರೆ ವ್ಯಾನಿಗೆ ಹಾಕಿದರು. ಅವರು ಮತ್ತೆ ಬರಲಿಲ್ಲ. ಸಂತೆಯಲ್ಲಿ ಎದುರಾದರೆ ಈಗಲೂ ಆ ಕಡೆ ತಿರುಗುತ್ತಾರೆ. ಅದು ಅವರ ಹಕ್ಕು. ಮಿಕ್ಕವರು ಉಳಿದರು.

ಹನ್ನೆರಡು ದಿನದ ಮೇಲೆ ಒಂದು ಸೋಮವಾರ, ಧನ್ಯಾಳ ಊರಿನ ತಿರುವಿನಲ್ಲಿ ಮಂಜುನಾಥ ಮಗಳ ಕೈ ಹಿಡಿದು ನಿಂತಿದ್ದನಂತೆ. ಇವರು ಗಾಡಿ ನಿಲ್ಲಿಸಿದರು.

"ನಮ್ಮವ್ವ ದಿನಾ ಒಂದೇ ಮಾತು ಯೋಳ್ತಾ ಕೂತದೆ ಕಣಣ್ಣ. ತಾನಾಗೇ ಬಂದು ಒಪ್ಕೊಂಡೋನು ಇನ್ನೊಂದ್ಸಲ ಮರೆಯಲ್ಲ ಅಂತ. ಕಳಿಸ್ತೀನಿ. ಒಂದು ಷರತ್ತು. ಸಂಜೆ ಎಲ್ರನ್ನೂ ಇಳ್ಸಾದ್ಮೇಲೆ ಕೊನೆ ಸೀಟ್ ತನಕ ನೋಡಿ, ಗಾಡಿ ಖಾಲಿ ಅಂತ ಗ್ರೂಪಲ್ಲಿ ಯೋಳ್ಬೇಕು. ದಿನಾ."

"ದಿನಾ ಯೋಳ್ತೀನಿ," ಎಂದರು ಇವರು.

ಈಗ ಸಂಜೆ ಐದೂಕಾಲಿಗೆ ಕೊನೆಯ ಮಗು ಇಳಿದ ಕೂಡಲೇ ಇವರು ಗಾಡಿ ಆಫ್ ಮಾಡಿ ಹಿಂದಕ್ಕೆ ಹೋಗುತ್ತಾರೆ. ಪ್ರತಿ ಸೀಟನ್ನೂ ಕೈಯಲ್ಲಿ ಮುಟ್ಟುತ್ತಾರೆ. ಬಗ್ಗಿ ಕೆಳಗೆ ನೋಡುತ್ತಾರೆ. ಮರೆತ ಟಿಫಿನ್ ಬಾಕ್ಸ್ ಸಿಕ್ಕರೆ ಅದನ್ನೂ ಹೇಳುತ್ತಾರೆ. "ಗಾಡಿ ಖಾಲಿ. ಎಲ್ಲ ಇಳಿದವ್ರೆ." ಇಷ್ಟೇ ಮೆಸೇಜ್. ಮೊದಮೊದಲು ಕೆಲವರು ನಗುವ ಗೊಂಬೆ ಹಾಕಿದರು. ಈಗ ಐದು ನಿಮಿಷ ತಡವಾದರೆ ಅವರೇ ಫೋನ್ ಮಾಡುತ್ತಾರೆ.

ರಾತ್ರಿಯ ಎಣಿಕೆ ನಿಂತಿದೆ. ಒಂದೇ ದಿನಕ್ಕೆ ನಿಲ್ಲಲಿಲ್ಲ. ನಡುವೆ ಎರಡು ಮೂರು ರಾತ್ರಿ ಎದ್ದು ಕೂತದ್ದುಂಟು. ಡಾಕ್ಟರ್ ಹೇಳಿದ ಹಾಗೆ ಕತ್ತಲೆಯಲ್ಲಿ ಸುಮ್ಮನೆ ಕೂತು, ಆಕಳಿಕೆ ಬಂದ ಮೇಲೆ ಮಲಗಿದರು. "ಸಂಜೆನೇ ಮುಟ್ಟಿ ನೋಡಿವ್ನಲ್ಲ, ಈಗ್ಯಾಕೆ ಎಣ್ಸಾದು ಅಂತ ತಲೇನೇ ಯೋಳ್ತದೆ" ಅನ್ನುತ್ತಾರೆ. ಹಾಲು, ಎಣ್ಣೆ, ಜಾಯಿಕಾಯಿ ಯಾವುದೂ ಸುಳ್ಳಲ್ಲ. ನಾನು ಈಗಲೂ ಕುಡಿಯುತ್ತೇನೆ, ಹಚ್ಚಿಕೊಳ್ಳುತ್ತೇನೆ. ಆದರೆ ಹಗಲು ಮುಗಿಸಬೇಕಾದ್ದನ್ನು ಹಗಲಲ್ಲೇ ಮುಗಿಸದಿದ್ದರೆ ಅದು ದಿಂಬಿನ ತನಕ ಹಿಂದೆ ಬರುತ್ತದೆ. ಇದನ್ನು ನಾನು ಅವತ್ತು ಬರೆದಿರಲಿಲ್ಲ. ನನಗೇ ಗೊತ್ತಿರಲಿಲ್ಲ.

ಕಳೆದ ತಿಂಗಳು ಚನ್ನರಾಯಪಟ್ಟಣದಲ್ಲಿ ನನ್ನ ತಂಗಿ ಮನೆಯ ಮದುವೆ. ಚಪ್ಪರ, ಅಡುಗೆ ಅಂತ ರಾತ್ರಿಯೆಲ್ಲ ಓಡಾಡಿದರು. ಬೆಳಿಗ್ಗೆ ಮತ್ತೆ ಫೋನ್ ಹಿಡಿದರು. ನಿದ್ದೆಯಾಗಿಲ್ಲ, ಗಾಡಿ ಎತ್ತಲ್ಲ. ನಾನು ಈ ಸಲ ಪಂಕ್ಚರಿನ ಮಾತೆತ್ತಲಿಲ್ಲ. ಒಬ್ಬರೂ ರೇಗಲಿಲ್ಲ. "ಮಲೀಕಳಣ್ಣ, ನಾನೇ ಬುಡ್ತೀನಿ" ಎಂದ ಮಂಜುನಾಥ. "ದಾರೀಲಿ ಇನ್ನಿಬ್ರು ಮಕ್ಳನ್ನೂ ಕೂರುಸ್ಕೊಂಡು ಓಯ್ತೀನಿ."

ದಿನಾ ಬೆಳಿಗ್ಗೆ ಮನೆ ಮುಂದೆ ಹಾರ್ನ್ ಹೊಡೆಯುವ ಡ್ರೈವರನ್ನು ಯಾಕೆ ಲೇಟಾಯ್ತು ಅಂತ ನಾವೆಲ್ಲ ಕೇಳಿದ್ದೇವೆ. ರಾತ್ರಿ ನಿದ್ದೆ ಬಂತಾ ಅಂತ ಒಂದು ದಿನವಾದರೂ ಕೇಳಿದ್ದೇವಾ?