ಮಡಕೆ ಮೇಡಂ ಎತ್ತಿದ ಜಾಡಿ

ಕಚೇರಿಯಲ್ಲಿ ನನ್ನ ಅಕ್ಕನಿಗೆ ‘ಮಡಕೆ ಮೇಡಂ’ ಎಂದೇ ಹೆಸರು. ಮ್ಯೂಸಿಯಮ್ಮಿನ ಮಣ್ಣಿನ ಪಾತ್ರೆಗಳಿಗೂ ಕರಕುಶಲ ವಸ್ತುಗಳಿಗೂ ಅವಳೇ ಕ್ಯುರೇಟರ್. ಸೇರಿದ ಹೊಸತರಲ್ಲಿ ನೆಲಮಾಳಿಗೆಯಲ್ಲಿ ಕೂತು ಒಡೆದ ಚೂರುಗಳಿಗೆ ನಂಬರ್ ಬರೆಯುತ್ತಿದ್ದವಳು, ತಲೆ ನರೆಯುವ ಹೊತ್ತಿಗೆ ವಿಭಾಗದ ಮುಖ್ಯಸ್ಥೆಯಾದಳು. ಕೂರುವ ಜಾಗ ಮಾತ್ರ ಅದೇ ನೆಲಮಾಳಿಗೆ. ಮೇಲಿನ ಬೆಳಕಿನ ಕೋಣೆಗಳೆಲ್ಲ ಕತ್ತಿ, ಗುರಾಣಿ, ರಾಜರ ಚಿತ್ರಗಳಿಗೆ. “ಜನ ಉಂಡಿದ್ದು ಕತ್ತೀಲಾ?” ಎಂದು ಮನೆಗೆ ಬಂದು ನನ್ನ ಮೇಲೆ ಹರಿಹಾಯುತ್ತಿದ್ದಳು, ಆ ಕತ್ತಿಗಳನ್ನು ನಾನೇ ತೂಗುಹಾಕಿದಂತೆ.

ಮಡಕೆ ಎತ್ತುವುದಕ್ಕೆ ಅವಳದೇ ಕಟ್ಟುನಿಟ್ಟು. ಬಳೆ, ಉಂಗುರ ತೆಗೆದಿಡಬೇಕು. ಹಿಡಿಗೆ ಕೈ ಹಾಕಲೇಕೂಡದು. ಅದು ಆಮೇಲೆ ಅಂಟಿಸಿದ್ದು, ಕಿತ್ತುಬರುತ್ತದೆ. ಒಂದು ಕೈ ತಳಕ್ಕೆ, ಇನ್ನೊಂದು ಮೈಗೆ. ಹೊತ್ತವರ ಮುಂದೆ ಇನ್ನೊಬ್ಬರು “ಮೆಟ್ಟಿಲು, ಹೊಸ್ತಿಲು” ಎಂದು ಹೇಳುತ್ತ ನಡೆಯಬೇಕು. ಮನೆಯಲ್ಲಿ ಮಾತ್ರ ಅವಳಿಗೆ ಸ್ಟೀಲ್ ಲೋಟ. “ಇಲ್ಲಾದ್ರೂ ಏನನ್ನಾದ್ರೂ ಕುಕ್ಕೋಕೆ ಬಿಡೇ” ಎನ್ನುತ್ತಿದ್ದಳು.

ನಿವೃತ್ತಿಗೆ ಮುಂಚೆ ಮಣ್ಣಿಗೂ ಮೇಲ್ಮಹಡಿಯಲ್ಲಿ ಒಂದು ಕೋಣೆ ಸಿಗಬೇಕು, ಅದರ ಬಾಗಿಲನ್ನು ತಾನೇ ತೆರೆಯಬೇಕು. ಅವಳಿಗಿದ್ದ ಆಸೆ ಅದೊಂದೇ. ಬೇಡಿ, ಜಗಳಾಡಿ, ಕಂಡಕಂಡವರ ಕಾಲು ಹಿಡಿದು ಕೊನೆಗೂ ಕೋಣೆ ಸಿಕ್ಕಿತು. ಉದ್ಘಾಟನೆಯ ಮುನ್ನಾದಿನ ಒಂದೇ ಒಂದು ದೊಡ್ಡ ಜಾಡಿ ಕೆಳಗೆ ಉಳಿದಿತ್ತು. ಲಿಫ್ಟ್ ಕೆಟ್ಟಿತ್ತು. ಮುಂದೆ ನಡೆಯಬೇಕಾದ ಸಹಾಯಕನನ್ನು ನಿರ್ದೇಶಕರು ಬ್ಯಾನರ್ ಕಟ್ಟಲು ಕರೆಸಿಕೊಂಡಿದ್ದರು. ಬ್ಯಾನರ್ ಅಂತೆ, ಬ್ಯಾನರ್! ಅಕ್ಕ ಕಾದು ಕಾದು ಸಾಕಾಗಿ, ತಾನು ಮಾಡಿದ ನಿಯಮವನ್ನು ತಾನೇ ಮುರಿದು, ಒಬ್ಬಳೇ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಜಾಡಿ ಅಡ್ಡವಾಗಿ ಕಾಲು ಕಾಣಲಿಲ್ಲ.

ಎಡವಿದವರು ಕೈಯಲ್ಲಿದ್ದದ್ದನ್ನು ಬಿಟ್ಟು ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾರೆ. ಇವಳು ಬಿಡಲಿಲ್ಲ. ಜಾಡಿಯನ್ನು ಎದೆಗೆ ಅವುಚಿಕೊಂಡೇ ಹಿಂದಕ್ಕೆ ಬಿದ್ದಳು. ಕುತ್ತಿಗೆಯ ಮೂಳೆ ಮುರಿದು ಕೈಕಾಲುಗಳ ಸ್ವಾಧೀನ ತಪ್ಪಿತು.

ಕೋಣೆ ಗೊತ್ತುಮಾಡಿದ ದಿನವೇ ತೆರೆಯಿತು. ನಿರ್ದೇಶಕರು ಆಸ್ಪತ್ರೆಗೆ ಬಂದು, “ಜಾಡಿ ಒಂಚೂರೂ ಮುಕ್ಕಾಗಿಲ್ಲ ಮೇಡಂ” ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. “ಇನ್ಮೇಲೆ ಆ ಜಾಡೀನೇ ಕೆಲಸಕ್ಕೆ ಇಟ್ಕೊಳ್ಳಿ ಸಾರ್” ಎಂದುಬಿಟ್ಟೆ. ಅಕ್ಕ ಮಾತ್ರ, “ಅದರ ಮೇಲೆ ಬೆಳಕು ಯಾವ ಕಡೆಯಿಂದ ಬೀಳತ್ತೆ?” ಎಂದು ಕೇಳಿದಳು. ಅವರು ನೋಡಿರಲಿಲ್ಲ.

ನಾನಿನ್ನೂ ಆ ಕೋಣೆಗೆ ಕಾಲಿಟ್ಟಿಲ್ಲ. ಹೋದರೆ ಜಾಡಿಯನ್ನು ಒಡೆದೇಬಿಟ್ಟೇನು ಎಂಬ ಭಯ.

ಮನೆಗೆ ಕರೆತಂದ ಮರುದಿನ ಅವಳನ್ನು ಹೊರಗೆ ಬಿಸಿಲಿಗೆ ಕೂರಿಸೋಣವೆಂದು ತೋಳು ಹಿಡಿದು ಎಳೆದೆ. “ತೋಳಿಗೆ ಕೈ ಹಾಕ್ಬೇಡ್ವೇ, ಕಿತ್ತುಬರತ್ತೆ” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಬಳೆ ತೆಗೆದಿಟ್ಟು ಬಂದು, ಒಂದು ಕೈ ತೊಡೆಯ ಕೆಳಗೆ, ಒಂದು ಕೈ ಬೆನ್ನಿಗೆ ಕೊಟ್ಟು ಎತ್ತಿದೆ. ಅಯ್ಯೋ, ಎಷ್ಟು ಹಗುರವಾಗಿಬಿಟ್ಟಿದ್ದಳು! ಕಣ್ಣು ಮಂಜಾಗಿ ನನಗೆ ನೆಲವೇ ಕಾಣಲಿಲ್ಲ. ಮುಂದೆ ನಡೆಯುವವರು ಯಾರೂ ಇರಲಿಲ್ಲ.

“ಹೊಸ್ತಿಲು” ಎಂದಳು ಅಕ್ಕ.