ರಿಡ್ಯಾಕ್ಟ್ ಎಂಬ ಪದವೂ ನಮ್ಮ ಮಸಿ ಮೇಷ್ಟರೂ

ಬರೆಯುವವರಿಗೆ ಸನ್ಮಾನಗಳುಂಟು, ಬರೆದದ್ದನ್ನು ತಿದ್ದುವವರಿಗೂ ಮುನ್ನುಡಿಯ ಕೊನೆಯಲ್ಲಿ ಒಂದು ಸಾಲಿನ ಕೃತಜ್ಞತೆಯುಂಟು. ಆದರೆ ಬರೆದದ್ದರ ಮೇಲೆ ಅಳತೆಯರಿತು ಕಪ್ಪು ಬಳಿಯುವುದನ್ನೇ ಒಂದು ವಿದ್ಯೆಯಾಗಿ ಸಾಧಿಸಿದವರಿಗೆ ಇಂಥ ಅಭಿನಂದನ ಗ್ರಂಥವೊಂದನ್ನು ಅರ್ಪಿಸಿದ್ದನ್ನು ನಾನಂತೂ ಇದುವರೆಗೆ ಕಂಡಿರಲಿಲ್ಲ. ವಿಚಾರಣಾ ವರದಿಗಳಲ್ಲಿ ಸಾಕ್ಷಿಗಳ ಹೆಸರು ಮರೆಸಿ ಅವನ್ನು ಸಾರ್ವಜನಿಕರ ಓದಿಗೆ ಸಿದ್ಧಪಡಿಸುವ ನಮ್ಮ ಶಾಖೆಯಲ್ಲಿ ಮೂರು ದಶಕಗಳಿಗೂ ಮೀರಿ ದುಡಿದು ಈಗ ನಿವೃತ್ತರಾಗುತ್ತಿರುವ ಹಿರಿಯ ಸಂಪಾದಕರು ಆ ವಿದ್ಯೆಯಲ್ಲಿ ಮೊದಲಿಗರು. ಒಂದು ದಿನವೂ ಪಾಠಶಾಲೆಯಲ್ಲಿ ಪಾಠ ಹೇಳಿದವರಲ್ಲವಾದರೂ ನಮಗೆಲ್ಲ ಅವರು ಮಸಿ ಮೇಷ್ಟರು. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಇಂದು ಅಚ್ಚಿನಲ್ಲೇ ಕರೆಯುತ್ತಿದ್ದೇನೆ, ಬೈದರೆ ಬೈಸಿಕೊಳ್ಳುತ್ತೇನೆ.

ನಾನು ಶಾಖೆಗೆ ಸೇರಿದಾಗ ನಮ್ಮದು ಮೆಟ್ಟಿಲ ಕೆಳಗಿನ ಇಳಿಜಾರು ಸೂರಿನ ಕೋಣೆ. ಎರಡು ಮೇಜು, ಮುನಿಸಿಕೊಂಡೇ ಕೆಲಸ ಮಾಡುವ ಒಂದು ಜೆರಾಕ್ಸ್ ಯಂತ್ರ, ಪಕ್ಕದ ಕಟ್ಟಡದ ಗೋಡೆ ನೋಡುವ ಒಂದು ಕಿಟಕಿ. ಆ ಕಿಟಕಿಯೇ ಅವರ ಮುಖ್ಯ ಉಪಕರಣ. ಮಸಿ ಬಳಿದ ಹಾಳೆಯನ್ನು ಗಾಜಿಗೆ ಒತ್ತಿ ಹಿಡಿದು, ಬೆಳಕಿಗೆ ಅಕ್ಷರ ಇಣುಕುತ್ತದೆಯೇ ಎಂದು ನೋಡಿ, ಇಣುಕಿದರೆ ಮತ್ತೆ ಬಳಿದು, ಅದರ ಪ್ರತಿ ತೆಗೆಸಿ, ಆ ಪ್ರತಿಯನ್ನೂ ಗಾಜಿಗೆ ಹಿಡಿದು ನೋಡದೆ ಅವರು ಎಂದೂ ಅಚ್ಚಿಗೆ ಕಳಿಸಿದವರಲ್ಲ. ಹೆಸರು ಚಿಕ್ಕದಿರಲಿ ದೊಡ್ಡದಿರಲಿ, ಕಪ್ಪು ಪಟ್ಟಿಯ ಉದ್ದ ಒಂದೇ ಇರಬೇಕೆಂಬುದು ಅವರ ಕಟ್ಟಳೆ. ಪಟ್ಟಿ ಗಿಡ್ಡವಾದರೆ ಒಳಗಿರುವುದು ಎರಡಕ್ಷರದ ಹೆಸರೆಂದು ಊರಿಗೆ ಊರೇ ಲೆಕ್ಕ ಹಾಕಿಬಿಡುತ್ತದೆ, ತಲೆಗೆ ಬರುವುದು ಸಾಕ್ಷಿ ಹೇಳಿದ ಪಾಪದವರಿಗೆ ಎನ್ನುತ್ತಿದ್ದರು. ಇದೆಂಥ ಅತಿ ಮಡಿವಂತಿಕೆಯಪ್ಪಾ ಎಂದು ಹೊಸದರಲ್ಲಿ ನನಗೆ ಅನ್ನಿಸಿದ್ದುಂಟು.

ರಿಡ್ಯಾಕ್ಟ್ ಎಂಬ ಇಂಗ್ಲಿಷ್ ಪದ ಆಗ ಕಚೇರಿಗೆ ಹೊಸತು; ಹೊಸ ಚಪ್ಪಲಿಯಂತೆ ಎಲ್ಲರೂ ಅದನ್ನು ಕಂಡಕಂಡಲ್ಲಿ ಮೆಟ್ಟಿಕೊಂಡು ಓಡಾಡುತ್ತಿದ್ದರು. ಟೈಪಿಸ್ಟು ಕಾಗುಣಿತದ ತಪ್ಪನ್ನು ರಿಡ್ಯಾಕ್ಟ್ ಮಾಡಿದರು, ಗುಮಾಸ್ತರು ಬೇಡವಾದ ರಜೆಯನ್ನೇ ರಿಡ್ಯಾಕ್ಟ್ ಮಾಡಿಸಿಕೊಂಡರು. ಹಳೆಯ ನಿಘಂಟು ತೆರೆದರೆ ‘ಪ್ರಕಟಣೆಗೆ ಅಣಿಗೊಳಿಸು’ ಎಂದಷ್ಟೇ ಇತ್ತು; ಕಾನೂನು ಶಾಖೆಯವರು ‘ಮರೆಮಾಡು’ ಎನ್ನುತ್ತಿದ್ದರು. ಮೇಷ್ಟರು ಎರಡನ್ನೂ ಕೂಡಿಸಿ ನನಗೆ ಹೇಳಿಕೊಟ್ಟ ಅರ್ಥ, ಕೊಡುವುದಕ್ಕಾಗಿ ಮುಚ್ಚುವುದು. ಒಂದು ಹೆಸರನ್ನು ಮುಚ್ಚಿದರೆ ತಾನೇ ಉಳಿದ ಇಡೀ ವರದಿಯನ್ನು ಧೈರ್ಯವಾಗಿ ಜನರ ಕೈಗೆ ಕೊಡಬಹುದು ಎಂಬುದು ಅವರ ವಿವರಣೆ. ಒಮ್ಮೆ ಮೇಲಧಿಕಾರಿಯೊಬ್ಬರು ತಮ್ಮ ಸ್ನೇಹಿತರ ರುಜುವಿದ್ದ ಪುಟವನ್ನು ತಂದು, ಇದನ್ನೂ ಸ್ವಲ್ಪ ರಿಡ್ಯಾಕ್ಟ್ ಮಾಡಿಬಿಡಿ ಎಂದು ನಗುತ್ತ ಮುಂದಿಟ್ಟರು.

“ಸರ್, ಇದಕ್ಕೆ ಇಂಗ್ಲಿಷ್ ಪದ ಯಾಕೆ,” ಎಂದರು ಮೇಷ್ಟರು. “ನಮ್ಮ ಭಾಷೇಲೇ ಇದೆಯಲ್ಲ, ಮುಚ್ಚಿಹಾಕೋದು ಅಂತ.” ಆ ವರ್ಷ ಅವರಿಗೆ ಬರಬೇಕಿದ್ದ ಬಡ್ತಿ ಬರಲಿಲ್ಲ.

ಹೆರಿಗೆಯ ಮುಂಚಿನ ತಿಂಗಳುಗಳಲ್ಲಿ ನಾನು ಕೆಲಸಕ್ಕೆ ಬರುತ್ತಿದ್ದಾಗ, ಮಸಿಯ ಘಾಟು ಬಸುರಿಗೆ ಒಗ್ಗದೆಂದು ಅವರು ನನ್ನ ಪಾಲಿನ ಹಾಳೆಗಳನ್ನೂ ಹೊತ್ತುಕೊಂಡು ಹೊರಗಿನ ಮೊಗಸಾಲೆಯಲ್ಲಿ ನಿಂತೇ ಬಳಿಯುತ್ತಿದ್ದುದನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಯಾಕೆ ಸಾರ್ ಅಂದರೆ, ಒಳಗೆ ಸೆಕೆ ಕಣಮ್ಮ ಎಂದು ಹಾರಿಕೆಯ ಉತ್ತರ. ಅಂಥ ಹಿರಿಯರು ಇನ್ನೆಲ್ಲಿ ಸಿಗುತ್ತಾರೆ?

ಅವರ ಸೇವೆಯ ಕೊನೆಕೊನೆಯ ವರ್ಷಗಳ ಒಂದು ಪ್ರಸಂಗವನ್ನು ಹೇಳದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ಹೊಲಿಗೆ ಕಾರ್ಖಾನೆಯೊಂದರಲ್ಲಿ ಬೆಂಕಿ ಬಿದ್ದು, ಹಿಂಬಾಗಿಲಿಗೆ ಬೀಗವಿದ್ದುದರಿಂದ ಹಲವರು ಒಳಗೇ ಸತ್ತಿದ್ದರು. ಬೀಗ ಹಾಕಿಸಿದವರು ಮಾಲೀಕರೇ ಎಂದು ವಿಚಾರಣೆಯಲ್ಲಿ ನುಡಿದ ಕೆಲಸಗಾರರ ಹೆಸರುಗಳನ್ನೆಲ್ಲ ಮೇಷ್ಟರು ಸ್ವತಃ ಮುಚ್ಚಿದ್ದರು. ವರದಿ ಹೊರಬಂದು ಕೆಲವು ವರ್ಷಗಳಾದ ಮೇಲೆ, ಅಲ್ಲಿ ಮೇಲ್ವಿಚಾರಕಿಯಾಗಿದ್ದಾಕೆ ನಮ್ಮ ಕೋಣೆಗೆ ಬಂದರು. ಸತ್ತವರಲ್ಲಿ ಆಕೆಯ ಅಕ್ಕನ ಮಗಳೂ ಇದ್ದಳು. ಆ ಹುಡುಗಿಯನ್ನು ಕೆಲಸಕ್ಕೆ ಸೇರಿಸಿದ್ದು ಈಕೆಯೇ. ಬೀಗದ ವಿಷಯ ತಿಳಿದೂ ಕೆಲಸ ಹೋದೀತೆಂದು ಈಕೆ ಬಾಯಿ ಮುಚ್ಚಿಕೊಂಡಿದ್ದಳೆಂಬುದು ಈಕೆಯ ತಾಯಿಯ ಮನಸ್ಸಿನಲ್ಲಿ ಕಚ್ಚಿ ಕೂತಿತ್ತು. ತಾಯಿ ತಮ್ಮ ಮಗನ ಮನೆ ಸೇರಿದವರು ಈಕೆಯ ಹೊಸ್ತಿಲು ಮೆಟ್ಟುವುದನ್ನೇ ಬಿಟ್ಟಿದ್ದರು. ತಾನು ಸಾಕ್ಷಿ ನುಡಿದಿದ್ದ ವರದಿಯನ್ನು ಕೊಂಡೊಯ್ದು ತೋರಿಸಿದರೆ ತನ್ನ ಹೆಸರಿನ ಜಾಗದಲ್ಲಿ ಕಂಡದ್ದು ಕಪ್ಪು ಪಟ್ಟಿ.

“ಬೀದಿಯವರು ಏನಂದ್ರೂ ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತೀನಿ ಸಾರ್. ಹೆತ್ತ ತಾಯಿನೇ ನಂಬ್ತಿಲ್ಲ. ಬೀಗ ತೆಗೆಸಿ ಅಂತ ಕೇಳಿದೋಳು ನಾನು. ನನ್ನ ಹೆಸರು ನನಗೆ ವಾಪಸ್ ಕೊಡಿ.”

ಹೆಸರು ತೆರೆದರೆ ಮಾಲೀಕರ ಕಡೆಯವರೂ ಓದುತ್ತಾರೆ, ಒಂದು ತಿಂಗಳು ಯೋಚಿಸಿ ಬನ್ನಿ ಎಂದು ಮೇಷ್ಟರು ಕಳಿಸಿದರು. ಆಕೆ ಮರುದಿನವೇ ಬಂದರು.

ಒಮ್ಮೆ ಮುಚ್ಚಿದ ಹೆಸರನ್ನು ತೆರೆಯುವ ನಿಯಮವೇ ಇಲ್ಲವೆಂದು ಮೇಲಿನವರು ಕೈಕೊಡವಿಬಿಟ್ಟರು. ಎದ್ದು ಹೋಗುವ ಹೊತ್ತಿನಲ್ಲಿ ಇಲ್ಲದ ತಂಟೆ ಯಾಕೆ ಎಂದು ಶಾಖೆಯ ಎಲ್ಲರೂ ಬುದ್ಧಿ ಹೇಳಿದೆವು. ನಮ್ಮ ಬುದ್ಧಿಯನ್ನು ಅವರು ಯಾವತ್ತು ಕೇಳಿದ್ದರು! ಮಂಡಿನೋವಿನ ಕಾಲನ್ನು ಎಳೆದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದು, ಕೊನೆಗೆ ಪ್ರಕಟಣಾ ಸಮಿತಿಯ ಮುಂದೆ ನಿಂತರು.

“ಮುಚ್ಚಿದ್ದು ಅವರನ್ನ ಕಾಯೋಕೆ. ಅವರೇ ಬೇಡ ಅಂದಮೇಲೂ ಮುಚ್ಚಿಟ್ರೆ ನಾವು ಕಾಯ್ತಿರೋದು ಯಾರನ್ನ ಸರ್?”

ಆಕೆಯ ಹೆಸರನ್ನು ತೆರೆದು ಮರುಮುದ್ರಿಸಲು ಒಪ್ಪಿಗೆ ಬಂತು.

ಹೊಸ ಪ್ರತಿ ಬಂದ ದಿನ ಆಕೆ ತಾಯಿಯನ್ನು ಕರೆತಂದಿದ್ದರು. ಮಗನ ಬಲವಂತಕ್ಕೆ ಬಂದಿದ್ದ ಆ ಹಿರಿಯಮ್ಮ ಮಗಳಿಂದ ಒಂದು ಕುರ್ಚಿ ಬಿಟ್ಟು ಕೂತರು. ಮೇಷ್ಟರು ಪುಟ ತೆರೆದು ಮುಂದಿಟ್ಟರು. ಹಿರಿಯಮ್ಮ ಕನ್ನಡಕ ಒರೆಸಿಕೊಂಡು, ಪುಸ್ತಕವನ್ನು ಮೂಗಿನ ಹತ್ತಿರಕ್ಕೆ ತಂದು, ಬೆರಳಿಟ್ಟು ಓದಿದರು: ಮಗಳ ಹೆಸರು, ಬೀಗ ತೆಗೆಸಿರೆಂದು ಆಕೆ ಮತ್ತೆ ಮತ್ತೆ ಕೇಳಿದ್ದು, ಕೇಳಿದ್ದಕ್ಕೆ ಎಲ್ಲರೆದುರು ಬೈಸಿಕೊಂಡದ್ದು. ಓದಿ ಮುಗಿದ ಮೇಲೂ ತಲೆ ಎತ್ತಲಿಲ್ಲ.

“ನೀನು ಹೇಳಿದ್ದೆ,” ಎಂದರು ಕೊನೆಗೆ. “ನಾನೇ ನಂಬ್ಲಿಲ್ಲ.” ಆಮೇಲೆ ಕೈಚೀಲ ಎತ್ತಿಕೊಂಡು ಎದ್ದರು. “ನಡಿ, ನಿನ್ನ ಮನೆಗೆ ಹೋಗೋಣ.”

ನಾನು ಅತ್ತುಬಿಟ್ಟೆ, ನಾಚಿಕೆಯೇನಿಲ್ಲ. ಮೇಷ್ಟರು ಅವರಿಬ್ಬರನ್ನು ಬೀದಿಯವರೆಗೂ ಬಿಟ್ಟು ಬಂದು, ಮುಂದಿನ ವರದಿಯ ಹಾಳೆ ತೆಗೆದುಕೊಂಡರು.

ಆ ಪುಟದಲ್ಲಿ ಉಳಿದ ಹೆಸರುಗಳು ಇನ್ನೂ ಮುಚ್ಚಿಯೇ ಇವೆ. ಅವರಲ್ಲಿ ಯಾರಾದರೂ ನಾಳೆ ಬಂದು ತಮ್ಮ ಹೆಸರು ಕೇಳಿದರೆ ಯಾರ ಬಾಗಿಲು ತಟ್ಟಬೇಕು, ಯಾರಿಗೆ ಏನು ಹೇಳಬೇಕು ಎಂಬುದನ್ನು ಬಲ್ಲವರು ಮೇಷ್ಟರೊಬ್ಬರೇ. ನಿವೃತ್ತಿಯ ನೆಪ ನಡೆಯದು, ಬಂದವರನ್ನು ನಾನು ನೇರವಾಗಿ ಅವರ ಮನೆಗೇ ಕಳಿಸುತ್ತೇನೆ. ಆ ಕಟ್ಟಕಡೆಯವರು ಬಂದು ಕೇಳುವವರೆಗೂ ಪೂಜ್ಯರು ಗಟ್ಟಿಮುಟ್ಟಾಗಿ ಇರಲೇಬೇಕೆಂದು, ವಯಸ್ಸಿನಲ್ಲಿ ಕಿರಿಯಳಾದ ನಾನು ಹಟ ಹಿಡಿದೇ ಹಾರೈಸುತ್ತೇನೆ.